ಸೀಟಿಗೊಂದು ದಸ್ತಿ

ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ನಮ್ಮ ಯೂನಿವರ್ಸಿಟಿ ಇರುವ ಯರಗೇರಾ ಕಡೆಗೆ ಹೋಗುವ ಬಸ್ಸು ಹಿಂದಕ್ಕೆ ಸರಿಯುತ್ತ ಪ್ಲಾಟ್‌ಫಾರ್ಮಿಗೆ ಬರುತ್ತದೆ. ಅದಿನ್ನೂ ನಿಂತಿರುವುದಿಲ್ಲ, ಅಷ್ಟರಲ್ಲಿ ಹತ್ತಿಪ್ಪತ್ತು ಕೈ ಮೇಲೆದ್ದಿರುತ್ತವೆ. ಹೊಸಬರು ನೋಡಿದರೆ ಯಾರೋ ಮಂತ್ರಿ ಬಂದಿರಬೇಕು, ಜನ ಕೈ ಬೀಸುತ್ತಿದ್ದಾರೆ ಅಂದುಕೊಂಡಾರು. ನಾವು ಸೀಟು ಹಿಡಿಯುತ್ತಿರುತ್ತೇವೆ. ಕಿಟಕಿಯೊಳಗೆ ದಸ್ತಿ ತೂರಬೇಕು, ತೂರಿದ್ದು ಸೀಟಿನ ಮೇಲೇ ಬೀಳಬೇಕು, ನಾವು ಬಾಗಿಲಲ್ಲಿ ನುಸುಳಿ ಬರುವವರೆಗೆ ಬಿದ್ದ ದಸ್ತಿಗೆ ಉಳಿದವರು ಮರ್ಯಾದೆ ಕೊಡಬೇಕು. ಮೊದಲಿನ ಎರಡು ನಮ್ಮ ಕೈಯಲ್ಲಿವೆ. ಮೂರನೆಯದು ಪ್ರಜಾಪ್ರಭುತ್ವ.

ದಸ್ತಿ ಅಂದರೆ ಬೆಂಗಳೂರು ಕಡೆಯವರು ಕರ್ಚೀಫು ಅನ್ನುತ್ತಾರಲ್ಲ, ಅದೇ. ದೇಶಕ್ಕೆ ಸ್ವಾತಂತ್ರ್ಯ ಬಂದು ಹದಿಮೂರು ತಿಂಗಳಾದ ಮೇಲೆ, 1948ರ ಸೆಪ್ಟೆಂಬರಿನಲ್ಲಿ, ಇಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಅವರ ಕಾಲದ ಈ ಶಬ್ದ ಮಾತ್ರ ನಮ್ಮ ಕಿಸೆಯಲ್ಲಿ ಉಳಿದುಕೊಂಡಿತು. ಕಿಸೆ ಎಂಬುದೂ ಆ ಕಡೆಯಿಂದ ಬಂದ ಶಬ್ದವೇ. ಹಿಂಗಾಗಿ ನಮ್ಮ ಬಸ್ಸಿನಲ್ಲಿ ಸೀಟು ಇಂಗ್ಲಿಷಿನದು, ದಸ್ತಿ ಉರ್ದುವಿನದು, ಅಚ್ಚ ಕನ್ನಡದ್ದು ಅಂತ ಇರುವುದು ಜಗಳ ಒಂದೇ.

ಎಸೆಯುವುದಕ್ಕೂ ಒಂದು ಪದ್ಧತಿ ಇದೆ. ಒಣ ದಸ್ತಿ ಎಸೆದರೆ ಅದು ತೇಲಿಕೊಂಡು ಹೋಗಿ ಯಾರದೋ ಹೆಗಲೇರುತ್ತದೆ. ನಳದ ಕೆಳಗೆ ಹಿಡಿದು, ಹಿಂಡಿ, ಒಂದು ಗಂಟು ಹಾಕಿ ಎಸೆಯಬೇಕು. ಎಂ.ಎ. ಮೊದಲ ಸೆಮಿಸ್ಟರಿನಲ್ಲಿ ಸೀನಿಯರ್‌ಗಳಿಂದ ನಾನು ಕಲಿತ ಮೊದಲ ವಿದ್ಯೆ ಇದು. ಎರಡನೆಯದನ್ನು ಇನ್ನೂ ಕಲಿಯಬೇಕಾಗಿದೆ. ದಸ್ತಿಗಿಂತ ನೋಟ್‌ಬುಕ್ಕಿಗೆ ಬೆಲೆ ಹೆಚ್ಚು, ನೋಟ್‌ಬುಕ್ಕಿಗಿಂತ ಬ್ಯಾಗಿಗೆ, ಬ್ಯಾಗಿಗಿಂತ ಜೋಳದ ಚೀಲಕ್ಕೆ. ಎಲ್ಲಕ್ಕಿಂತ ಮೇಲು ಕೂಸು. ಒಂದು ಗುರುವಾರ ಮಂತ್ರಾಲಯಕ್ಕೆ ಹೊರಟ ಭಕ್ತರ ನೂಕುನುಗ್ಗಲಿನಲ್ಲಿ ಅಜ್ಜಿಯೊಬ್ಬಳು ಮೊಮ್ಮಗನನ್ನೇ ಕಿಟಕಿಯಿಂದ ಒಳಗಿಳಿಸಿ, ‘ಅಲ್ಲೇ ಕುಂದರು, ಯಾರು ಎಬ್ಬಿಸಿದ್ರೂ ಏಳಬ್ಯಾಡ’ ಎಂದು ಹೇಳಿ, ಸೆರಗು ಸರಿಮಾಡಿಕೊಳ್ಳುತ್ತ ನಿಧಾನಕ್ಕೆ ಬಾಗಿಲಿಗೆ ನಡೆದಳು. ಹುಡುಗ ಕೂತದ್ದು ನನ್ನ ದಸ್ತಿಯ ಮೇಲೆ. ಚಡ್ಡಿ ಒದ್ದೆಯಾಗಿ ಅವನು ಅಳತೊಡಗಿದ. ಅಜ್ಜಿ ಬಂದು ನನ್ನನ್ನೇ ಬೈದಳು.

ಬಸ್ ಸ್ಟ್ಯಾಂಡಿನ ಈ ವಿದ್ಯೆ ವಿಧಾನಸೌಧಕ್ಕೂ ಹೋಗಿದೆ. ‘ಕುರ್ಚಿಗೆ ಟವಲ್ ಹಾಕಿದ್ದಾರೆ’ ಅಂತ ಟಿವಿಯವರು ಹೇಳಿದಾಗಲೆಲ್ಲ ನಮ್ಮ ಮನೆಯ ಸಾಮಾನನ್ನು ಯಾರೋ ಕೇಳದೆ ಒಯ್ದಂತೆ ಅನಿಸುತ್ತದೆ. 2023ರ ಮೇ 20ರಂದು ಪ್ರಮಾಣವಚನ ಮಾಡಿದ ಸರ್ಕಾರಕ್ಕೆ 2025ರ ನವೆಂಬರ್ 20ಕ್ಕೆ ಎರಡೂವರೆ ವರ್ಷ ತುಂಬಿತು ನೋಡಿ, ಇಡೀ ರಾಜ್ಯ ಒಂದು ಟವಲನ್ನು ನೋಡುತ್ತ ನಿಂತುಬಿಟ್ಟಿತು. ಸಿದ್ದರಾಮಯ್ಯ ಏಳುತ್ತಾರೋ, ಡಿ.ಕೆ. ಶಿವಕುಮಾರ್ ಕೂಡುತ್ತಾರೋ, ಮೊದಲೇ ಮಾತಾಗಿತ್ತೋ, ಆಗಿರಲಿಲ್ಲವೋ. ಒಂದು ದಿನ ಇವರ ಮನೆಯಲ್ಲಿ ಉಪಾಹಾರ, ಮೂರು ದಿನ ಬಿಟ್ಟು ಅವರ ಮನೆಯಲ್ಲಿ ಇಡ್ಲಿ, ನಾಟಿಕೋಳಿ ಸಾರು. ಯಾರು ಏನು ತಿಂದರು ಎಂಬುದೇ ಸುದ್ದಿಯಾದ ಆ ವಾರ ನಾವು ತಿಂದದ್ದು ವಗ್ಗರಣಿ-ಮಿರ್ಚಿ. ಹಿಂದಿನ ವಾರ ತಿಂದದ್ದೂ ಅದೇ. ಮಂಡಾಳನ್ನೂ, ಅಂದರೆ ವಗ್ಗರಣಿಯ ಮಂಡಕ್ಕಿಯನ್ನೂ, ದಸ್ತಿಯಂತೆಯೇ ನೀರಿಗೆ ಹಾಕಿ ಹಿಂಡಬೇಕು, ಬಿಗಿ ಹಿಂಡಿದರೆ ಮುದ್ದೆ, ಸಡಿಲ ಬಿಟ್ಟರೆ ಗಂಜಿ. ಅಂಗಡಿಯ ಕಾಕಾಗೆ ಆ ಹದ ಗೊತ್ತು. ಅವನ ಟಿವಿಯಲ್ಲಿ ಅವತ್ತು ಬೆಳಿಗ್ಗೆಯಿಂದ ಒಂದೇ ಬಾಗಿಲು, ಒಂದೇ ಕಾರು. ‘ಯಾರಾದ್ರೂ ಕುಂದರ್ಲಿ, ನನ್ನ ಎಣ್ಣಿ ರೇಟು ಇಳಿತೈತೇನು?’ ಅಂದ. ಸೂರ್ಯಕಾಂತಿ ಎಣ್ಣೆಯ ದರಕ್ಕೂ ಮುಖ್ಯಮಂತ್ರಿಗೂ ಸಂಬಂಧವಿಲ್ಲ, ಅದು ಆಮದಿನ ಮಾತು ಎಂದು ನಾನು ಅರ್ಥಶಾಸ್ತ್ರ ಬಿಚ್ಚಿದೆ. ಆತ ಸುಮ್ಮನೆ ಇನ್ನೊಂದು ಮಿರ್ಚಿ ಹಾಕಿ, ‘ಇದರ ರೊಕ್ಕ ಬ್ಯಾರೆ’ ಅಂದ.

ಬಸ್ಸಿನಲ್ಲಿ ಒಂದು ಅನುಕೂಲವಿದೆ. ಎಷ್ಟೇ ದೊಡ್ಡ ಜಗಳವಾದರೂ ಊರು ದಾಟುವುದರೊಳಗೆ ಮುಗಿಯುತ್ತದೆ. ಕಂಡಕ್ಟರ್ ಅಣ್ಣ ಬಂದು, ‘ಇಬ್ರೂ ಸರಕೊಂಡು ಮೂರು ಮಂದಿ ಕುಂದರ್ರಿ’ ಎನ್ನುತ್ತಾನೆ. ಹೈಕಮಾಂಡ್ ಎಂದರೆ ಅದು.

ನನ್ನ ರೂಮಿನಲ್ಲಿ ಒಬ್ಬನಿದ್ದಾನೆ. ಅವನ ನಿಜವಾದ ಹೆಸರನ್ನು ಎಲ್ಲರೂ ಮರೆತಿದ್ದಾರೆ, ‘ಕರೆಂಟ್ ಅಫೇರ್ಸ್’ ಅಂತಲೇ ಕರೆಯುವುದು. ಎಂ.ಎ. ಮುಗಿಸಿ ಮೂರು ವರ್ಷವಾಯಿತು. ಪಿ.ಎಸ್.ಐ., ಪಿ.ಡಿ.ಓ., ಎಫ್.ಡಿ.ಎ., ಯಾವುದಕ್ಕೆ ಅರ್ಜಿ ಕರೆದರೂ ಹಾಕುತ್ತಾನೆ. ಅವನಿಗೆ ರಾಜಕೀಯದ ಬಗ್ಗೆ ಅಭಿಪ್ರಾಯ ಅಂತ ಇಲ್ಲ, ನಾಲ್ಕು ಆಯ್ಕೆಗಳಿವೆ. ‘ಸರ್ಕಾರದ ಬಗ್ಗೆ ಏನಂತಿಯಲೇ?’ ಎಂದು ಕೇಳಿದರೆ, ‘ಯುವನಿಧಿ ಶುರು ಆಗಿದ್ದು 2024ರ ಜನವರಿ 12, ಶಿವಮೊಗ್ಗ. ಡಿಗ್ರಿಯವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷ ಮಾತ್ರ’ ಎನ್ನುತ್ತಾನೆ. ‘ಅದು ಒಳ್ಳೇದೋ ಕೆಟ್ಟದ್ದೋ?’ ‘ಸಿಲಬಸ್‌ನಾಗ ಇಲ್ಲ.’

ಅವನನ್ನು ನೋಡಿ ನಾವು ನಗುತ್ತೇವೆ, ಅವನೂ ನಗುತ್ತಾನೆ. ಆದರೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಫೋನಿನಲ್ಲಿ ನೋಟಿಫಿಕೇಶನ್ ಬಂತೇನೋ ಎಂದು ನೋಡುವ ಅವನ ಮುಖದ ಮೇಲೆ ಬೀಳುವ ಬೆಳಕು ನನಗೆ ಸೇರುವುದಿಲ್ಲ. ಪರಿಶಿಷ್ಟ ಜಾತಿಯೊಳಗೆ ಒಳಮೀಸಲಾತಿ ಮಾಡಬಹುದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಆಗಸ್ಟ್ 1ಕ್ಕೆ. ಅದು ತೀರ್ಮಾನವಾಗುವ ತನಕ ಹೊಸ ನೇಮಕಾತಿ ಬೇಡ ಎಂದು ರಾಜ್ಯ ಸರ್ಕಾರ ಅದೇ ವರ್ಷ ಅಕ್ಟೋಬರಿನಲ್ಲಿ ನಿಲ್ಲಿಸಿತು. ನೂರಕ್ಕೆ ಹದಿನೇಳರ ಮೀಸಲಾತಿ ಆರು, ಆರು, ಐದು ಎಂದು ಹಂಚಿಕೆಯಾಗುವ ಹೊತ್ತಿಗೆ 2025ರ ಆಗಸ್ಟ್ ಬಂದಿತ್ತು. ಒಳಮೀಸಲಾತಿ ಆಗಲೇಬೇಕಿತ್ತು, ಅದಕ್ಕಾಗಿ ಬೀದಿಯಲ್ಲಿ ಕೂತವರ ತಲೆಗೂದಲು ಬೆಳ್ಳಗಾಗಿದೆ. ನನ್ನ ತಕರಾರು ಬೇರೆ. ಸೀಟು ಹಂಚಲಿಕ್ಕೆ ಕಂಡಕ್ಟರು ಬಸ್ಸನ್ನೇ ವರ್ಷಗಟ್ಟಲೆ ನಿಲ್ಲಿಸಿದರೆ ಒಳಗಿದ್ದವರ ವಯಸ್ಸು ನಿಲ್ಲುತ್ತದೆಯೇ? ಇದನ್ನು ಕರೆಂಟ್ ಅಫೇರ್ಸ್‌ಗೆ ಕೇಳಿದೆ. ‘ಎ, ಹೌದು. ಬಿ, ಇಲ್ಲ. ಸಿ, ಮೇಲಿನ ಎರಡೂ’ ಅಂದು ಹೊದಿಕೆ ಎಳೆದುಕೊಂಡ.

ಇನ್ನು ನನ್ನ ಸ್ವಂತ ಅಭಿಪ್ರಾಯ. ಅದನ್ನು ಕೇಳುವ ಮೊದಲು ನಾನು ಕೂತಿದ್ದೇನೋ ನಿಂತಿದ್ದೇನೋ ನೋಡಿಕೊಳ್ಳಬೇಕು. ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ಕಂಬಿ ಹಿಡಿದು ಒಂಟಿಗಾಲಿನಲ್ಲಿ ನಿಂತ ದಿನ ನನಗೆ ರಾಜ್ಯದ ಬೊಕ್ಕಸದ ಚಿಂತೆ ಹತ್ತುತ್ತದೆ. ಸಾರಿಗೆ ನಿಗಮಕ್ಕೆ ಸರ್ಕಾರ ಕೊಡಬೇಕಾದ ಬಾಕಿ, ಹಳೆಯ ಬಸ್ಸು, 2025ರ ಜನವರಿಯಲ್ಲಿ ನೂರಕ್ಕೆ ಹದಿನೈದರಷ್ಟು ಏರಿಸಿದ ದರ, ಎಲ್ಲ ನೆನಪಾಗುತ್ತವೆ. ಸೀಟು ಸಿಕ್ಕ ದಿನ ಮಹಿಳಾ ಸಬಲೀಕರಣ ಎಷ್ಟು ಒಳ್ಳೆಯದಲ್ಲವೇ ಅಂದುಕೊಂಡು ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತೇನೆ. ನಮ್ಮ ಅವ್ವ ಎರಡು ತಿಂಗಳಿಗೊಮ್ಮೆ ಸೊನ್ನೆ ರೂಪಾಯಿಯ ಟಿಕೆಟ್ ತಗೊಂಡು, ಸೀರೆಯ ಚುಂಗಿನಲ್ಲಿ ಆಧಾರ್ ಕಾರ್ಡು ಕಟ್ಟಿಕೊಂಡು, ಬುತ್ತಿಗಂಟಿನಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ತಂದಿಳಿದ ದಿನ ಮಾತ್ರ ನಾನು ನಿಂತಿದ್ದರೂ ಯೋಜನೆಯ ಪರವೇ.

ಒಮ್ಮೆ ಹಿಂದಿನ ಸೀಟಿನ ಹತ್ತಿರ ನಿಂತಿದ್ದ ಕಾಕಾ ಒಬ್ಬರು, ‘ಹೆಣ್ಮಕ್ಕಳಿಗೆ ಪುಕ್ಕಟೆ ಮಾಡಿ ನಮ್ಮನ್ನ ನಿಂದ್ರಿಸ್ಯಾರ’ ಎಂದು ಬಸ್ಸಿಗೆಲ್ಲ ಕೇಳುವಂತೆ ಅಂದರು. ಮೂರು ಮಂದಿಯ ಸೀಟಿನಲ್ಲಿ ನಾಲ್ಕನೆಯವಳಾಗಿ ಕೂತಿದ್ದ ಒಬ್ಬ ಹಿರಿಯ ಹೆಣ್ಣುಮಗಳು ತಿರುಗಿಯೂ ನೋಡದೆ, ‘ನೀ ಇಷ್ಟು ವರ್ಸ ಕುಂತಿದ್ದೆಲ್ಲಪ್ಪ, ಆಗ ನಿಮ್ಮವ್ವ ಎಲ್ಲಿ ಕುಂತಿದ್ಲು?’ ಎಂದು ಕೇಳಿದಳು. ಕಾಕಾ ಯರಗೇರಾ ಬರುವ ತನಕ ಕಿಟಕಿಯಾಚೆ ಹತ್ತಿ ಹೊಲ ನೋಡಿದರು. ನಾನೂ ನೋಡಿದೆ.

ನಮ್ಮ ಕ್ಲಾಸಿನಲ್ಲಿ ಹುಡುಗರಿಗಿಂತ ಹುಡುಗಿಯರೇ ಹೆಚ್ಚು. ದಿನಾಲೂ ಎರಡು ಬಸ್ಸು ಬದಲಿಸಿ ಬರುವ ಗೆಳತಿಯೊಬ್ಬಳಿದ್ದಾಳೆ. ನನಗೆ ಅವತ್ತು ಸೀಟು ಸಿಕ್ಕಿರಲಿಲ್ಲ, ಸಿಟ್ಟಿನಲ್ಲಿದ್ದೆ, ಅವಳ ಮುಂದೆ ಬೊಕ್ಕಸದ ಭಾಷಣ ಬಿಗಿದೆ. ಅವಳು ಟಿಫಿನ್ ಡಬ್ಬಿಯ ಮುಚ್ಚಳ ತೆಗೆಯುತ್ತ, ‘ಡಿಗ್ರಿ ಆದಮ್ಯಾಲೆ ಮನ್ಯಾಗ ಸಾಕು ಅಂದಿದ್ರು. ಬಸ್ಸಿಗೆ ರೊಕ್ಕ ಕೇಳಂಗಿಲ್ಲ ಅಂತ ಹೇಳಿ ಒಪ್ಪಿಸೀನಿ. ನಿಂದು ಸೀಟು ಹೋಗೈತಿ, ನಂದು ಎಂ.ಎ. ಹೋಗ್ತಿತ್ತು’ ಎಂದಳು. ಆಮೇಲೆ ಡಬ್ಬಿ ನನ್ನ ಕಡೆ ಸರಿಸಿದಳು. ಬದನೆಕಾಯಿ ಎಣ್ಣೆಗಾಯಿ. ಬೊಕ್ಕಸದ ಮಾತು ಅಲ್ಲಿಗೇ ಮುಗಿಯಿತು.

ಕೃಷ್ಣೆ ದಾಟಿದರೆ ತೆಲಂಗಾಣ, ಅಲ್ಲಿ 2023ರ ಡಿಸೆಂಬರಿನಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ತುಂಗಭದ್ರೆ ದಾಟಿದರೆ ಆಂಧ್ರ, ಅಲ್ಲಿ 2025ರ ಆಗಸ್ಟ್ 15ರಿಂದ. ಎರಡು ಹೊಳೆಗಳ ನಡುವಿನ ಈ ಎಡೆದೊರೆ ನಾಡಿಗಾಗಿ ಹಿಂದೆ ಬಹಮನಿಯವರೂ ವಿಜಯನಗರದವರೂ ಆನೆ ಕುದುರೆ ತಂದು ಕಾದಾಡಿದ್ದರು. ಈಗ ಇದರ ಸುತ್ತ ಮೂರು ಸರ್ಕಾರಗಳ ಪುಕ್ಕಟೆ ಬಸ್ಸುಗಳು ಓಡುತ್ತವೆ. ರಾಜ್ಯಗಳು ಬೇರೆಬೇರೆ, ಟಿಕೆಟ್ಟಿನ ಮೇಲಿನ ಸೊನ್ನೆ ಒಂದೇ.

ದೊಡ್ಡ ದಸ್ತಿಯ ಕಥೆ ಇನ್ನೊಂದಿದೆ. ಸಂವಿಧಾನದ 371(ಜೆ). ‘98ನೇ ತಿದ್ದುಪಡಿ’ ಎಂದು ಕರೆಂಟ್ ಅಫೇರ್ಸ್ ನಿದ್ದೆಯಲ್ಲೂ ಹೇಳುತ್ತಾನೆ. ವೈಜನಾಥ ಪಾಟೀಲರಂಥವರು ವರ್ಷಾನುಗಟ್ಟಲೆ ಹೋರಾಡಿ, ಕೊನೆಗೆ 2013ರಲ್ಲಿ ಜಾರಿಗೆ ಬಂದು, ಈ ಭಾಗದ ಕಾಲೇಜುಗಳಲ್ಲಿ ನೂರಕ್ಕೆ ಎಪ್ಪತ್ತು ಸೀಟು ನಮಗೆ ಸಿಕ್ಕವು, ಸರ್ಕಾರಿ ಕೆಲಸದಲ್ಲೂ ಎಪ್ಪತ್ತೈದರಿಂದ ಎಂಬತ್ತೈದರವರೆಗೆ ಪಾಲು ಸಿಕ್ಕಿತು. ದೆಹಲಿಯಿಂದಲೇ ಗುರಿಯಿಟ್ಟು ಎಸೆದ ದಸ್ತಿ ಅದು, ಸರಿಯಾಗಿ ಸೀಟಿನ ಮೇಲೇ ಬಿದ್ದಿತು. ಡಾಕ್ಟರಾದ, ಎಂಜಿನಿಯರಾದ ನಮ್ಮೂರ ಹುಡುಗರನ್ನು ನೋಡಿದರೆ ಅದು ಸುಮ್ಮನೆ ಬಿದ್ದದ್ದಲ್ಲ ಅನ್ನುವುದೂ ಗೊತ್ತಾಗುತ್ತದೆ. ಕೆಲಸದ ಸೀಟುಗಳದ್ದು ಮಾತ್ರ ವಿಚಿತ್ರ. ದಸ್ತಿ ಹಾಗೇ ಇದೆ, ಸೀಟು ಹಾಗೇ ಖಾಲಿ ಇದೆ, ಕೂಡಬೇಕಾದವನು ನನ್ನ ರೂಮಿನಲ್ಲಿ ಹೊದಿಕೆ ಹೊದ್ದು ಮಲಗಿದ್ದಾನೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ತೆಗೆದು ಕಲ್ಯಾಣ ಕರ್ನಾಟಕ ಎಂದಿಟ್ಟರು. ಬಸ್ಸಿಗೆ ಹೊಸ ಬಣ್ಣ ಹೊಡೆದರೆ ಚೆನ್ನಾಗಿಯೇ ಕಾಣುತ್ತದೆ, ಇಲ್ಲ ಅನ್ನುವುದಿಲ್ಲ.

ದಸ್ತಿ ಹಾಕಿಯೂ ಸೀಟು ಸಿಗದವರ ಪೈಕಿ ನಮ್ಮ ಜಿಲ್ಲೆಗೆ ಹಳೆಯ ಅನುಭವವಿದೆ. ನಂಜುಂಡಪ್ಪನವರ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 21 ಈ ಭಾಗದವೇ. ಐ.ಐ.ಟಿ. ಬೇಕೆಂದು ರಾಯಚೂರು ಕೇಳಿತು, 2016ರಲ್ಲಿ ಅದು ಧಾರವಾಡದಲ್ಲಿ ಇಳಿಯಿತು. ಸಮಾಧಾನಕ್ಕೆಂಬಂತೆ 2019ರಲ್ಲಿ ಐ.ಐ.ಐ.ಟಿ. ಬಂತು. ಒಂದು ‘ಐ’ ಹೆಚ್ಚೇ ಕೊಟ್ಟಿದ್ದಾರಲ್ಲ ಎಂದು ನಮ್ಮ ಸೀನಿಯರೊಬ್ಬ ಅಂದಿದ್ದ. ಏಮ್ಸ್ ಆದರೂ ಕೊಡಿ ಎಂದು 2022ರ ಮೇ ತಿಂಗಳಲ್ಲಿ ಧರಣಿಗೆ ಕೂತವರು ಸಾವಿರ ದಿನ ದಾಟಿದರು. ಟೆಂಟಿನ ಮುಂದಿನ ಬೋರ್ಡಿನಲ್ಲಿ ದಿನದ ಅಂಕಿ ಬದಲಿಸುವುದು ಒಂದು ಕೆಲಸವೇ ಆಗಿತ್ತು. ರಾಯಚೂರಿನ ಬ್ಯಾಸಗಿಯಲ್ಲಿ ಟೆಂಟಿನ ಕೆಳಗೆ ಸುಮ್ಮನೆ ಒಂದು ತಾಸು ಕೂತು ನೋಡಿ, ಆಮೇಲೆ ಹೇಳಿ.

ನಮ್ಮಪ್ಪನ ಹೆಗಲ ಮೇಲಿನ ಹಸಿರು ಟವಲಿನದ್ದು ಬೇರೆಯದೇ ಕಥೆ. ನಮ್ಮ ಹಳ್ಳಿ ಮಾನ್ವಿ ಕಡೆಯದು, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗ. ಅಂದರೆ ಬಸ್ಸಿನ ಲೆಕ್ಕದಲ್ಲಿ ಕೊನೆಯ ಸ್ಟಾಪು. ಗಂಗಾವತಿಯವರು ಮೊದಲೇ ಹತ್ತಿ ಕೂತಿರುತ್ತಾರೆ, ಸಿಂಧನೂರಿನವರು ತುಂಬುತ್ತಾರೆ, ನಮ್ಮಲ್ಲಿಗೆ ಬರುವಾಗ ನೀರು ಫುಟ್‌ಬೋರ್ಡಿನ ಮೇಲೆ ನೇತಾಡುತ್ತಿರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಚೈನು ಹರಿದು ಕೊಚ್ಚಿಕೊಂಡು ಹೋದಾಗ ಅಪ್ಪ ಫೋನಿನಲ್ಲಿ ಏನೂ ಮಾತಾಡಲಿಲ್ಲ, ‘ಹೊಂಟು ಹೋತಲೇ’ ಅಂದದ್ದಷ್ಟೇ. ವಾರದೊಳಗೆ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು, ಆ ವರ್ಷ ಹೇಗೋ ಪಾರಾಯಿತು. ಮರುವರ್ಷ 33 ಗೇಟುಗಳನ್ನೂ ಬದಲಿಸಬೇಕೆಂದು ನೀರು ಕಡಿಮೆ ನಿಲ್ಲಿಸಿದರು, ಎರಡನೇ ಬೆಳೆಗೆ ಬಿಡಲಿಲ್ಲ. ಬದಲಿಸುವುದು ಸರಿಯೇ. ಎಪ್ಪತ್ತು ವರ್ಷ ದಾಟಿದ ಗೇಟುಗಳು, ಬದಲಿಸದಿದ್ದರೆ ಇನ್ನೊಂದು ಹೋದೀತು. ಆದರೆ ಸೋನಾಮಸೂರಿ ನಾಟಿ ಇಲ್ಲದ ಜನವರಿಯಲ್ಲಿ ನನ್ನ ಎರಡನೇ ಸೆಮಿಸ್ಟರಿನ ಫೀಸು ಯಾವ ಗದ್ದೆಯಿಂದ ಬರಬೇಕು? ಟಿವಿಯಲ್ಲಿ ಕುರ್ಚಿಯ ಸುದ್ದಿ ಬರುತ್ತಿದ್ದಾಗ ಅಪ್ಪ ಚಾನೆಲ್ ಬದಲಿಸಿ, ‘ಡ್ಯಾಮಿನ ಸುದ್ದಿ ಎದರಾಗ ಬರ್ತೈತಿ?’ ಎಂದು ಕೇಳಿದ. ನಾನು ಫೋನಿನಲ್ಲಿ ಹುಡುಕಿ ಕೊಟ್ಟೆ. ಅದರೊಳಗೂ ನಡುವೆ ಕುರ್ಚಿಯ ಜಾಹೀರಾತೇ ಬಂತು, ಪ್ಲಾಸ್ಟಿಕ್ಕಿನದು.

ಬಟ್ಟೆ ತುಂಡಿನ ರಾಜಕೀಯ ನನಗೆ ಹೊಸದಲ್ಲ. ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ, 2022ರ ಫೆಬ್ರವರಿಯಲ್ಲಿ, ತಲೆಯ ಮೇಲಿನ ಬಟ್ಟೆ, ಕೊರಳಿನ ಶಾಲು ಎಂದು ರಾಜ್ಯವೆಲ್ಲ ಹೊತ್ತಿಕೊಂಡಿತು, ಸರ್ಕಾರ ಕಾಲೇಜುಗಳಿಗೆ ಮೂರು ದಿನ ರಜೆ ಕೊಟ್ಟಿತು. ರಜೆ ಎಂದು ನಾವು ಕ್ರಿಕೆಟ್ ಆಡಿದೆವು. ನಮ್ಮ ಬೆಂಚಿನ ಹಿಂದೆ ಕೂಡುತ್ತಿದ್ದ ಒಬ್ಬ ಹುಡುಗಿ ಆಮೇಲೆ ಬರುವುದನ್ನು ನಿಲ್ಲಿಸಿದಳು. ಕೆಮಿಸ್ಟ್ರಿ ರೆಕಾರ್ಡು ಅವಳದ್ದು ನನ್ನ ಹತ್ತಿರವೇ ಉಳಿಯಿತು. ಕಾನೂನಿನ ಮಾತು ಕೋರ್ಟಿಗೆ ಬಿಡೋಣ, ಅಲ್ಲೇ ಇಬ್ಬರು ನ್ಯಾಯಮೂರ್ತಿಗಳು ಎರಡು ಮಾತು ಹೇಳಿದರು. ಆ ರೆಕಾರ್ಡು ಮಾತ್ರ ನನ್ನ ಟ್ರಂಕಿನಲ್ಲಿದೆ, ಕೊಡುವುದು ಹೇಗೆಂದು ತಿಳಿಯುತ್ತಿಲ್ಲ.

ಇಷ್ಟೆಲ್ಲ ಹೇಳುವ ನನಗೆ ಕಾಲೇಜಿನೊಳಗೆ ಓಟಿಲ್ಲ. ಮತದಾನದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದದ್ದು 1989ರಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಚುನಾವಣೆ ನಿಂತವು, ಗಲಾಟೆಯಾಗುತ್ತದೆ ಎಂಬ ಕಾರಣಕ್ಕೆ. 2023ರಲ್ಲಿ ಎಂ.ಎಲ್.ಎ. ಆರಿಸಿದೆ, 2024ರಲ್ಲಿ ಎಂ.ಪಿ. ಆರಿಸಿದೆ, ಕ್ಲಾಸಿನ ಪ್ರತಿನಿಧಿಯನ್ನು ಆರಿಸುವಷ್ಟು ಬುದ್ಧಿ ನನಗಿನ್ನೂ ಬಂದಿಲ್ಲ. ಚುನಾವಣೆ ಮತ್ತೆ ಶುರು ಮಾಡಬೇಕೆಂಬ ಮಾತು ಈಗ ಎದ್ದಿದೆ. ಬಂದರೆ ಒಳ್ಳೆಯದೇ. ಹಾರ, ಪಟಾಕಿ, ಮಟನ್ ಬಿರಿಯಾನಿಯೂ ಜೊತೆಗೆ ಬರುತ್ತವೆ ಅನ್ನುವುದು ಗೊತ್ತು. ನಮ್ಮ ಹುಡುಗರು ಬಿರಿಯಾನಿಗೆ ಈಗಲೇ ದಸ್ತಿ ಹಾಕಿದ್ದಾರೆ.

ಮೊನ್ನೆ ಸಂಜೆ ವಾಪಸ್ ಬರುವ ಬಸ್ಸಿಗೆ ಯರಗೇರಾದಲ್ಲಿ ಗುರಿಯಿಟ್ಟು ಎಸೆದೆ. ಮೂರನೇ ಕಿಟಕಿ, ಬಲಗಡೆ, ಕಿಟಕಿ ಪಕ್ಕದ ಸೀಟು, ಇದಕ್ಕಿಂತ ಚೆಂದ ಎಸೆಯಲು ಬರುವುದಿಲ್ಲ. ಒಳಗೆ ಹೋಗಿ ನೋಡಿದರೆ ಅಲ್ಲಿ ಹಣೆ ತುಂಬ ಭಂಡಾರ ಹಚ್ಚಿಕೊಂಡ ಅಜ್ಜಿ ಕೂತಿದ್ದಾಳೆ. ನನ್ನ ದಸ್ತಿಯಿಂದಲೇ ಸೀಟಿನ ಧೂಳು ಒರೆಸಿ, ಕೂತು, ಆಮೇಲೆ ಬೆವರು ಒರೆಸಿಕೊಳ್ಳುತ್ತಿದ್ದಾಳೆ.

‘ಅಜ್ಜೀ, ಅದು ನಂದು’ ಎಂದೆ.

‘ಯಾವುದಪ್ಪ, ಸೀಟೋ ದಸ್ತಿಯೋ?’

ಸುತ್ತಲಿನವರು ನನ್ನ ಮುಖ ನೋಡಿದರು. ‘ದಸ್ತಿ’ ಎಂದೆ.

‘ಹಂಗಾದ್ರ ತಗೋ’ ಎಂದು ಮಡಚಿ ಕೊಟ್ಟಳು. ನಿಂತೆ. ಬಸ್ಸು ಊರ ಹತ್ತಿರ ಬಂದಾಗ ಅವಳು ಎದ್ದು, ಮೊಣಕಾಲು ಹಿಡಿದುಕೊಂಡು, ‘ಕುಂದರಪ್ಪ, ನಿಂದೇ ಸೀಟು’ ಎಂದು ಇಳಿದುಹೋದಳು. ಕೂತೆ. ರೆಕ್ಸಿನ್ನು ಕಾದಿತ್ತು. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಗೆ ತಲೆ ಆನಿಸುವಷ್ಟರಲ್ಲಿ ಕಂಡಕ್ಟರ್ ಅಣ್ಣ ಬಾಗಿಲಿಗೆ ಕೈ ಬಡಿದು, ‘ಬಸ್ ಸ್ಟ್ಯಾಂಡ್, ಇಳೀರಿ, ಎಲ್ಲಾರೂ ಇಳೀರಿ’ ಅಂದ. ಕೆಳಗೆ ಆಗಲೇ ಕೈಗಳು ಮೇಲೆದ್ದಿದ್ದವು. ಯಾರದೋ ಒದ್ದೆ ದಸ್ತಿ ಬಂದು ನನ್ನ ತೊಡೆಯ ಮೇಲೆ ಬಿತ್ತು.